ಸಂಚಾರಿ ಕಾಲ್ಚೆಂಡುಗುರು ಶ್ಟೆಫಾನ್ ಕೊವಾಚ್

ಬಾಣಭಟ್ಟನು ಕಾದಂಬರಿಯನ್ನು ಮುಗಿಸದೆಯೇ ತೀರಿಕೊಂಡನೆಂದೂ, ಉಳಿದ ಭಾಗವನ್ನು ಆತನ ಮಗನು ಬರೆದು ಪೂರೈಸಿದನೆಂದೂ ನಮ್ಮ ವಾಚಕರೆಲ್ಲರೂ ಬಲ್ಲರು. ತಂದೆಯ ಹೆಸರು ಎಲ್ಲರ ನಾಲಗೆಯ ಮೇಲಿದೆ. ಮಗನ ಹೆಸರು ಭೂಷಣನೋ ಪುಲಿಂದನೋ ಎಂಬುದರಲ್ಲಿಯೇ ಪಂಡಿತರಿಗೆ ಒಮ್ಮತವಿಲ್ಲ. ಕೆಲಸವನ್ನು ತೊಡಗಿದವನನ್ನು ನೆನೆಯುವಷ್ಟು ಲೋಕವು ಅದನ್ನು ಪೂರೈಸಿದವನನ್ನು ನೆನೆಯುವುದಿಲ್ಲ. ಒಂದು ವೇಳೆ ನೆನೆದರೂ, ಹಿರಿಯರ ಗಳಿಕೆಯಲ್ಲಿ ಉಂಡವನೆಂದು ಒಂದು ಕುಹಕದ ಮಾತನ್ನು ಸೇರಿಸಿಯೇ ನೆನೆಯುವುದು. ಇಪ್ಪತ್ತನೆಯ ಶತಮಾನದ ಕಾಲ್ಚೆಂಡಾಟದ ಚರಿತ್ರೆಯಲ್ಲಿ ಇಂಥ ಕುಹಕಕ್ಕೆ ಪಾತ್ರನಾದವನೊಬ್ಬನಿದ್ದಾನೆ. ಆತನು ರುಮೇನಿಯಾ ದೇಶದವನು. ಹೆಸರು ಶ್ಟೆಫಾನ್ ಕೊವಾಚ್. ಯುರೋಪು ಖಂಡದ ಚಾಂಪಿಯನ್ನರ ಬಟ್ಟಲನ್ನು ಒಂದರ ಮೇಲೊಂದರಂತೆ ಎರಡು ವರ್ಷ ಗೆಲ್ಲಿಸಿಕೊಟ್ಟವನು. ಆದರೂ ಆ ಗೆಲವು ಆತನದಲ್ಲವೆಂದು ವಾದಿಸುವವರು ಅಂದೂ ಇದ್ದರು, ಇಂದೂ ಇರುವರು. ಆ ವಾದದಲ್ಲಿ ಎಷ್ಟು ನಿಜವುಂಟು, ಎಷ್ಟು ಅನ್ಯಾಯವುಂಟು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶವು. ಚೆಂಡಾಟದ ವಿಷಯವು ಸಾಹಿತ್ಯದ ಪತ್ರಿಕೆಗೆ ತಕ್ಕುದೇ ಎಂದು ಹುಬ್ಬೇರಿಸುವವರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಬೇಡುತ್ತೇನೆ.

ಕೊವಾಚನು ಹುಟ್ಟಿದ್ದು 1920ನೆಯ ಇಸವಿ ಅಕ್ಟೋಬರ್ 2ರಂದು, ತಿಮಿಶ್ವಾರ ಎಂಬ ಪಟ್ಟಣದಲ್ಲಿ. ಆ ಪಟ್ಟಣವು ಬನಾತ್ ಎಂಬ ಸೀಮೆಗೆ ಸೇರಿದುದು. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಅದು ಹಂಗೇರಿಯ ರಾಜ್ಯದಲ್ಲಿತ್ತು. ಯುದ್ಧವು ಮುಗಿದ ಮೇಲೆ ರುಮೇನಿಯಾಕ್ಕೆ ಬಂದಿತು. ಹೊಸ ಗಡಿಗಳನ್ನು ಗೊತ್ತುಮಾಡಿದ ಟ್ರಿಯಾನೋನ್ ಒಪ್ಪಂದಕ್ಕೆ ರುಜುವಾದದ್ದು ಅದೇ 1920ರ ಜೂನ್ 4ರಂದು, ಎಂದರೆ ಈ ಮಗುವು ಹುಟ್ಟುವುದಕ್ಕೆ ನಾಲ್ಕು ತಿಂಗಳ ಮುಂಚೆ. ಮನೆಯ ಮಾತು ಹಂಗೇರಿಯ ಭಾಷೆ, ಸರ್ಕಾರದ ಮಾತು ರುಮೇನಿಯನ್, ಅಂಗಡಿಬೀದಿಯಲ್ಲಿ ಜರ್ಮನ್ ಮತ್ತು ಸೆರ್ಬಿಯನ್, ಇಂಥ ಊರದು. ಮನೆಯವರು ಕರೆಯುತ್ತಿದ್ದ ಇಷ್ಟ್ವಾನ್ ಎಂಬ ಹೆಸರೇ ರುಮೇನಿಯಾದ ಕಾಗದಪತ್ರಗಳಲ್ಲಿ ಶ್ಟೆಫಾನ್ ಎಂದಾಯಿತು. ಕೊವಾಚ್ ಎಂಬ ಮನೆತನದ ಹೆಸರಿಗೆ ಹಂಗೇರಿಯ ಭಾಷೆಯಲ್ಲಿ ಕಮ್ಮಾರನೆಂದು ಅರ್ಥ. ನಮ್ಮಲ್ಲಿಯೂ ಗಡಿನಾಡಿನಲ್ಲಿ ಬೆಳೆದವರಿಗೆ ಒಂದು ಗುಣವಿರುತ್ತದೆ: ಎದುರಿಗೆ ನಿಂತವನ ಮುಖವನ್ನು ನೋಡಿ ಯಾವ ಭಾಷೆಯಲ್ಲಿ ಮಾತನಾಡಿಸಬೇಕೆಂಬುದನ್ನು ಅರಗಳಿಗೆಯಲ್ಲಿ ತಿಳಿದುಕೊಳ್ಳುವುದು. ಈ ಗುಣವು ಕೊವಾಚನಿಗೆ ಮುಂದೆ ಜೀವನೋಪಾಯವೇ ಆಯಿತು.

ಆತನ ಅಣ್ಣನಾದ ನಿಕೊಲಾಯ್ ಕೊವಾಚನು ದೊಡ್ಡ ಆಟಗಾರನು. 1930, 1934, 1938ನೆಯ ಇಸವಿಗಳಲ್ಲಿ ನಡೆದ ಮೊದಲ ಮೂರು ವಿಶ್ವಪಂದ್ಯಗಳಲ್ಲಿಯೂ ರುಮೇನಿಯಾದ ಪರವಾಗಿ ಆಡಿದವನು. ಈ ಮೂರರಲ್ಲಿಯೂ ಆಡಿದವರನ್ನು ಇಡೀ ಲೋಕದಲ್ಲಿ ಬೆರಳಿನಲ್ಲಿ ಎಣಿಸಬಹುದು. ಇಂಥ ಅಣ್ಣನ ನೆರಳಿನಲ್ಲಿ ತಮ್ಮನು ಆಟವನ್ನು ಕಲಿತನು. ಕಲಿತನೇ ಹೊರತು ಅಣ್ಣನಷ್ಟು ಎತ್ತರಕ್ಕೆ ಏರಲಿಲ್ಲ. ಶ್ಟೆಫಾನನು ನಡುಗಣದ ಆಟಗಾರನು. ಕಾಲ್ಚೆಂಡಾಟವನ್ನು ನೋಡದವರಿಗಾಗಿ ಈ ಮಾತನ್ನು ಕೊಂಚ ಬಿಡಿಸಿ ಹೇಳಬೇಕು. ಗೋಲಿನ ಮುಂದೆ ನಿಂತು ಶತ್ರುವನ್ನು ತಡೆಯುವವರು ಕೆಲವರು; ಶತ್ರುವಿನ ಗೋಲಿನತ್ತ ನುಗ್ಗಿ ಹೊಡೆಯುವವರು ಕೆಲವರು. ಇವರಿಬ್ಬರ ನಡುವೆ ಇರುವವನ ಕೆಲಸವು ಹಿಂದಿನವರಿಂದ ಚೆಂಡನ್ನು ಪಡೆದು ಮುಂದಿನವರಿಗೆ ಒಪ್ಪಿಸುವುದು. ತಡೆದ ಕೀರ್ತಿಯು ಹಿಂದಿನವನಿಗೆ, ಹೊಡೆದ ಕೀರ್ತಿಯು ಮುಂದಿನವನಿಗೆ. ನಡುವಿನವನು ಆಟದ ಉದ್ದಕ್ಕೂ ಓಡಿರುತ್ತಾನೆ. ಮಾರನೆಯ ದಿನದ ಪತ್ರಿಕೆಯಲ್ಲಿ ಅನೇಕ ಸಾರಿ ಆತನ ಹೆಸರೂ ಇರುವುದಿಲ್ಲ.

1938ರಲ್ಲಿ, ಇನ್ನೂ ಹದಿನೆಂಟು ತುಂಬಿ ತುಂಬದ ವಯಸ್ಸಿನಲ್ಲಿ, ಕೊವಾಚನು ಬೆಲ್ಜಿಯಂ ದೇಶದ ಶಾರ್ಲರ್ವಾ ಎಂಬ ಕಲ್ಲಿದ್ದಲಿನ ಗಣಿಗಳ ಪಟ್ಟಣಕ್ಕೆ ಆಡಲು ಹೋದನು. ಅಲ್ಲಿಯ ಜನರ ಮಾತು ಫ್ರೆಂಚ್. ಆತನ ಮೊದಲನೆಯ ದೇಶಾಂತರವಾಸವಿದು. ಅಷ್ಟರಲ್ಲಿ ಎರಡನೆಯ ಮಹಾಯುದ್ಧವು ಹೊತ್ತಿಕೊಂಡಿತು, ಬೆಲ್ಜಿಯಂ ದೇಶವು ಜರ್ಮನರ ವಶವಾಯಿತು, ಈತನು ತಾಯ್ನಾಡಿಗೆ ಮರಳಿದನು. ಆದರೆ ಬಿಟ್ಟುಹೋದ ದೇಶವು ಬಿಟ್ಟುಹೋದಂತೆ ಇರಲಿಲ್ಲ. 1940ರ ಆಗಸ್ಟ್ 30ರಂದು ವಿಯೆನ್ನಾ ನಗರದಲ್ಲಿ ಜರ್ಮನಿ ಮತ್ತು ಇಟಲಿಗಳು ಕುಳಿತು ತೀರ್ಪುಕೊಟ್ಟು, ಟ್ರಾನ್ಸಿಲ್ವೇನಿಯಾದ ಉತ್ತರಭಾಗವನ್ನು ರುಮೇನಿಯಾದಿಂದ ಕಿತ್ತು ಹಂಗೇರಿಗೆ ಕೊಟ್ಟಿದ್ದುವು. ಕ್ಲೂಜ್ ಪಟ್ಟಣವು ಹಂಗೇರಿಯ ಪಾಲಿಗೆ ಹೋಯಿತು. ಕೊವಾಚನು ಹುಟ್ಟಿದ ತಿಮಿಶ್ವಾರವು ರುಮೇನಿಯಾದಲ್ಲಿಯೇ ಉಳಿಯಿತು. ಯುದ್ಧವು ಮುಗಿಯುವ ವೇಳೆಗೆ ಕ್ಲೂಜ್ ಮತ್ತೆ ರುಮೇನಿಯಾಕ್ಕೆ ಬಂದಿತು. ಆ ಕ್ಲೂಜೇ ಕೊವಾಚನಿಗೆ ಬಾಳಿನ ನೆಲೆಯಾದದ್ದು. ಅಲ್ಲಿಯ ತಂಡಗಳಲ್ಲಿ ಆತನು ಆಡಿದನು, ಮೂವತ್ತು ದಾಟಿ ಕಾಲುಗಳು ಬಳಲಿದ ಮೇಲೆ ಅಲ್ಲಿಯೇ ತರಬೇತುಗಾರನಾದನು. ನಿಂತಲ್ಲಿಯೇ ನಿಂತು ದೇಶವನ್ನು ಬದಲಿಸಿದ ಊರಿನಲ್ಲಿ ನೆಲೆಸಿದವನಿಗೆ, ಗಡಿ ದಾಟಿ ಹೋಗುವುದು ಒಂದು ದೊಡ್ಡ ಸಾಹಸವೆಂದು ತೋರದಿದ್ದರೆ ಆಶ್ಚರ್ಯವೇನು?

ಕ್ಲೂಜಿನ ವರ್ಷಗಳ ವಿಷಯವಾಗಿ ಬಹಳವಾಗಿ ಹೇಳಬೇಕಾದುದಿಲ್ಲ. 1967ರಲ್ಲಿ ರಾಜಧಾನಿಯಾದ ಬುಖಾರೆಸ್ಟಿನಿಂದ ಕರೆಬಂದಿತು. ಕರೆದದ್ದು ಸ್ತೆಯಾವಾ, ನಕ್ಷತ್ರವೆಂದು ಆ ಹೆಸರಿನ ಅರ್ಥ. ಅದು ರುಮೇನಿಯಾದ ಸೈನ್ಯದ ತಂಡ. ಸೈನ್ಯದ ತಂಡವಾದರೂ ಅದು ದೇಶದ ಲೀಗ್ ಪಂದ್ಯವನ್ನು ಗೆಲ್ಲದೆ ಏಳು ವರ್ಷಗಳಾಗಿದ್ದುವು. ಕೊವಾಚನು ಬಂದ ವರ್ಷವೇ, ಎಂದರೆ 1968ರಲ್ಲಿ, ಅದು ಚಾಂಪಿಯನ್ ಆಯಿತು. ತರುವಾಯ 1969, 1970, 1971ರಲ್ಲಿ ಮೂರು ಸಾರಿ ಬಿಡದೆ ರುಮೇನಿಯಾದ ಬಟ್ಟಲನ್ನೂ ಗೆದ್ದಿತು. ಆತನಿಗೆ ಆಮೇಲೆ ಅಂಟಿದ ಅಪವಾದವನ್ನು ತೂಗುವಾಗ ಈ ನಾಲ್ಕು ವರ್ಷಗಳನ್ನು ಮರೆಯಬಾರದು. ಇಲ್ಲಿ ಆತನಿಗೆ ಯಾರೂ ಸಿದ್ಧವಾದ ಮನೆಯನ್ನು ಬಿಟ್ಟುಹೋಗಿರಲಿಲ್ಲ.

ಇನ್ನು ಆಂಸ್ಟರ್ಡಾಮಿನ ಕಥೆಗೆ ಬರೋಣ. ಹಾಲೆಂಡಿನ ಆ ನಗರದಲ್ಲಿ ಆಯಾಕ್ಸ್ ಎಂಬ ತಂಡವಿದೆ. ಹೋಮರನ ಮಹಾಕಾವ್ಯದ ವೀರನೊಬ್ಬನ ಹೆಸರನ್ನೇ ಅದು ಇಟ್ಟುಕೊಂಡಿದೆ. 1965ರ ಜನವರಿಯಲ್ಲಿ ರೀನುಸ್ ಮಿಖೆಲ್ಸ್ ಎಂಬವನು ಈ ತಂಡದ ಹೊಣೆಯನ್ನು ಹೊತ್ತಾಗ ಅದು ಮೇಲಿನ ತರಗತಿಯಿಂದ ಜಾರಿಬೀಳುವ ಸ್ಥಿತಿಯಲ್ಲಿತ್ತು. ಆರು ವರ್ಷಗಳಲ್ಲಿ ಆತನು ಅದನ್ನು ಹಾಲೆಂಡಿನಲ್ಲಿ ನಾಲ್ಕು ಸಲ ಚಾಂಪಿಯನ್ ಮಾಡಿದನು. 1971ರ ಜೂನ್ 2ರಂದು ಲಂಡನ್ನಿನ ವೆಂಬ್ಲಿಯಲ್ಲಿ ಗ್ರೀಸಿನ ಪನಥಿನಾಯ್ಕೋಸ್ ತಂಡವನ್ನು ಸೋಲಿಸಿ ಯುರೋಪಿನ ಬಟ್ಟಲನ್ನೂ ತಂದನು. ಮಿಖೆಲ್ಸನು ಕಟ್ಟುನಿಟ್ಟಿನ ಮನುಷ್ಯನು; ಜನರು ಆತನನ್ನು ಜನರಲ್ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಬಟ್ಟಲನ್ನು ಗೆದ್ದ ಆ ವರ್ಷವೇ ಆತನು ಸ್ಪೇನಿನ ಬಾರ್ಸಿಲೋನಾಕ್ಕೆ ಹೊರಟುಹೋದನು. ಬರಿದಾದ ಆ ಪೀಠದಲ್ಲಿ ಕೂರಿಸಲು ಆಯಾಕ್ಸಿನವರು ಆರಿಸಿದ್ದು ಪಶ್ಚಿಮ ಯುರೋಪಿನಲ್ಲಿ ಹೆಚ್ಚು ಜನರು ಹೆಸರು ಕೇಳದಿದ್ದ ಕೊವಾಚನನ್ನು. ಆ ಕಾಲದ ರುಮೇನಿಯಾದಲ್ಲಿ ಹೊರದೇಶಕ್ಕೆ ಹೋಗಿ ದುಡಿಯುವುದು ಸರ್ಕಾರದ ಅಪ್ಪಣೆಯಿಲ್ಲದೆ ಆಗದ ಮಾತು. ಅಪ್ಪಣೆಯು ದೊರೆಯಿತು. ಕೆಲವು ದಿನಗಳಲ್ಲಿಯೇ ಹಿಂದಿರುಗಬೇಕಾದೀತೆಂದು ಆತನು ಹೋಗುವಾಗಲೇ ಮರಳುವ ಟಿಕೆಟ್ಟನ್ನೂ ಕೊಂಡಿದ್ದನೆಂಬ ಕಥೆಯೊಂದುಂಟು.

ಆತನು ಕುಳ್ಳಗೆ ದುಂಡಗಿದ್ದವನು, ಕೂದಲು ನರೆತಿತ್ತು, ಮಾತಿನಲ್ಲಿ ಚತುರನು. ಮೊದಲನೆಯ ದಿನದ ಅಭ್ಯಾಸದಲ್ಲಿ ಆಟಗಾರರು ಆತನನ್ನು ಪರೀಕ್ಷಿಸಲೆಂದು ಚೆಂಡೊಂದನ್ನು ರಭಸವಾಗಿ ಆತನ ಮೊಳಕಾಲಿನ ಎತ್ತರಕ್ಕೆ ಒದ್ದರಂತೆ. ಆತನು ಮಾತನ್ನು ನಿಲ್ಲಿಸದೆಯೇ ಚೆಂಡನ್ನು ಪಾದದಲ್ಲಿ ಹಿಡಿದು, ನೆಲಕ್ಕಿಳಿಸಿ, ಒದ್ದವನಿಗೇ ಹಿಂದಿರುಗಿಸಿದನಂತೆ. ಹಳೆಯ ನಡುಗಣದ ಕಾಲುಗಳು ಇನ್ನೂ ಮರೆತಿರಲಿಲ್ಲ. ಇನ್ನೊಂದು ಸಂಗತಿ. ಅದು ಯುವಕರೆಲ್ಲ ಕೂದಲನ್ನು ಭುಜದವರೆಗೆ ಬಿಡುತ್ತಿದ್ದ ಕಾಲ. ಆಂಸ್ಟರ್ಡಾಮಿನಲ್ಲಂತೂ ಕೇಳುವುದೇ ಬೇಡ. ನಮ್ಮ ಉದ್ದ ಕೂದಲಿನ ವಿಷಯದಲ್ಲಿ ತಮ್ಮ ಅಭಿಪ್ರಾಯವೇನೆಂದು ಒಬ್ಬನು ಕೇಳಲು, ತನ್ನನ್ನು ನೇಮಿಸಿಕೊಂಡಿರುವುದು ಆಟ ಕಲಿಸುವುದಕ್ಕೆ, ಕ್ಷೌರಕ್ಕಲ್ಲ ಎಂಬರ್ಥದಲ್ಲಿ ಉತ್ತರವಿತ್ತನೆಂದು ಹೇಳುವರು. ಇಂಥ ಕಥೆಗಳು ಬಾಯಿಂದ ಬಾಯಿಗೆ ಹೋಗುವಾಗ ಕೈಕಾಲು ಬೆಳೆಸಿಕೊಳ್ಳುತ್ತವೆ. ಆದರೂ ಮನುಷ್ಯನ ಸ್ವಭಾವವನ್ನು ಇವು ತಪ್ಪಾಗಿ ತೋರಿಸುವುದಿಲ್ಲವೆಂದು ನನ್ನ ನಂಬಿಕೆ.

ಈಗ ಆ ಆಟದ ರೀತಿಯೇನೆಂಬುದನ್ನು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಅದುವರೆಗೆ ಸಾಮಾನ್ಯವಾಗಿ ತಡೆಯುವವನು ತಡೆಯುತ್ತಿದ್ದನು, ಹೊಡೆಯುವವನು ಹೊಡೆಯುತ್ತಿದ್ದನು. ಒಬ್ಬೊಬ್ಬನಿಗೂ ಗದ್ದೆಯ ಬದುವಿನಂತೆ ಎಲ್ಲೆಯಿತ್ತು. ಮಿಖೆಲ್ಸನ ಆಯಾಕ್ಸಿನಲ್ಲಿ ಈ ಎಲ್ಲೆಗಳು ಅಳಿಸತೊಡಗಿದುವು. ಹಿಂದಿನವನು ಚೆಂಡಿನೊಡನೆ ಮುಂದಕ್ಕೆ ನುಗ್ಗಿದರೆ ಆತನು ತೆರವು ಮಾಡಿದ ಸ್ಥಳಕ್ಕೆ ನಡುವಿನವನು ಇಳಿಯುವನು; ಮುಂದಿನವನು ಬದಿಗೆ ಸರಿದರೆ ಆ ಎಡೆಯೊಳಕ್ಕೆ ಮತ್ತೊಬ್ಬನು ಹಾಯುವನು. ಚೆಂಡು ಕಳೆದುಹೋದ ಕೂಡಲೆ ಎಲ್ಲರೂ ಕೂಡಿ ಅದನ್ನು ಬೇಟೆಯಾಡುವರು. ಇದಕ್ಕೆ ಟೋಟಲ್ ಫುಟ್‌ಬಾಲ್ ಎಂದು ಹೆಸರಾಯಿತು. ನಾವು ಸರ್ವಾಂಗದ ಆಟವೆಂದು ಕರೆಯಬಹುದು. ಕೇಳುವುದಕ್ಕೆ ಸುಲಭ, ಆಡುವುದಕ್ಕೆ ಕಷ್ಟ. ಹನ್ನೊಂದು ಜನರೂ ಒಬ್ಬರ ಮನಸ್ಸನ್ನೊಬ್ಬರು ಅರಿತಿದ್ದಲ್ಲದೆ ಇದು ಗೊಂದಲವಾಗಿ ಮುಗಿಯುವುದು. ಮಿಖೆಲ್ಸನು ಈ ಅರಿವನ್ನು ಆರು ವರ್ಷ ಬೆತ್ತವನ್ನು ಹಿಡಿದಂತೆ ಕಲಿಸಿದನು. ಕೊವಾಚನು ಬಂದು ಬೆತ್ತವನ್ನು ಮೂಲೆಗೆ ಇಟ್ಟನು. ಯಾವಾಗ ಮುಂದಕ್ಕೆ ಹೋಗಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ನೀವೇ ಬಲ್ಲಿರಿ ಎಂದು ಆಟಗಾರರಿಗೆ ಬಿಟ್ಟನು. ಬದಿಯ ರಕ್ಷಕರಾದ ಸೂರ್‌ಬೀರ್ ಮತ್ತು ಕ್ರೋಲ್ ಎಂಬಿಬ್ಬರು ಹಿಂದಿಗಿಂತಲೂ ಧಾರಾಳವಾಗಿ ಮುಂದಕ್ಕೆ ಓಡಿದರು. ಯೋಹಾನ್ ಕ್ರೈಫ್ ಎಂಬ ಅದ್ವಿತೀಯ ಆಟಗಾರನಿಗಂತೂ ಮೈದಾನದಲ್ಲಿ ಇಂಥ ಜಾಗವೇ ತನ್ನದೆಂಬ ಕಟ್ಟೇ ಉಳಿಯಲಿಲ್ಲ.

ಫಲವೇನಾಯಿತು? 1971-72ರ ಲೀಗಿನಲ್ಲಿ ಆಯಾಕ್ಸ್ ತಂಡವು 34 ಪಂದ್ಯಗಳನ್ನಾಡಿ 30ನ್ನು ಗೆದ್ದಿತು. ಸೋತದ್ದು ಒಂದೇ ಒಂದು. ಆ ವರ್ಷದ ಮೇ ತಿಂಗಳಿನಲ್ಲಿ ವಿಟೆಸ್ ಎಂಬ ತಂಡದ ಮೇಲೆ ಒಂದೇ ಪಂದ್ಯದಲ್ಲಿ 12 ಗೋಲುಗಳನ್ನು ಹೊಡೆಯಿತು. ಲೀಗ್, ಹಾಲೆಂಡಿನ ಬಟ್ಟಲು, ಯುರೋಪಿನ ಬಟ್ಟಲು, ಈ ಮೂರನ್ನೂ ಒಂದೇ ವರ್ಷದಲ್ಲಿ ಗೆದ್ದುಕೊಂಡಿತು. ಮಿಖೆಲ್ಸನ ಕೈಯಲ್ಲಿಯೂ ಇದು ಆಗಿರಲಿಲ್ಲ.

ಇಷ್ಟಾದರೂ ಅದೇ ವರ್ಷ ಏಪ್ರಿಲ್ ತಿಂಗಳಿನಲ್ಲಿ ತಂಡದ ಆಡಳಿತದವರು ಕೊವಾಚನನ್ನು ಕೆಲಸದಿಂದ ತೆಗೆದುಹಾಕಲು ನಿಶ್ಚಯಿಸಿದ್ದರೆಂದರೆ ವಾಚಕರು ನಂಬುವರೇ? ನಡೆದದ್ದಂತೂ ನಿಜ. ಪೋರ್ಚುಗಲ್ಲಿನ ಬೆನ್‌ಫಿಕಾ ತಂಡದೊಡನೆ ಆಡಿದ ಉಪಾಂತ್ಯದ ಎರಡು ಪಂದ್ಯಗಳಲ್ಲಿ ಆಯಾಕ್ಸ್ ಹೊಡೆದದ್ದು ಒಂದೇ ಗೋಲು. ಎರಡನೆಯ ಪಂದ್ಯವು ಗೋಲಿಲ್ಲದೆ ಮುಗಿಯಿತು. ಅಂತಿಮ ಪಂದ್ಯಕ್ಕೆ ದಾರಿಯು ದೊರೆತಿದ್ದರೂ ಆಡಳಿತದವರಿಗೆ ಸಮಾಧಾನವಾಗಲಿಲ್ಲ. ಶಿಸ್ತು ಸಡಿಲವಾಯಿತು, ಆಟಗಾರರು ಹೇಳಿದ ಮಾತನ್ನು ಕೇಳುತ್ತಿಲ್ಲ, ಹೀಗೆಯೇ ಬಿಟ್ಟರೆ ಕೆಡುವುದೆಂದು ಒಳಗಿನಿಂದಲೇ ದೂರುಗಳು ಹೋಗಿದ್ದುವು. ಲೀಗಿನಲ್ಲಿ ತಂಡವು ಎಲ್ಲರಿಗಿಂತ ಮುಂದಿದೆ, ದೇಶದ ಬಟ್ಟಲಿನ ಅಂತಿಮ ಪಂದ್ಯವನ್ನು ಮುಟ್ಟಿದೆ, ಯುರೋಪಿನ ಅಂತಿಮ ಪಂದ್ಯವನ್ನು ಮುಟ್ಟಿದೆ. ಇಂಥ ಸಮಯದಲ್ಲಿ ಗುರುವನ್ನು ಕಳುಹಿಸಿಬಿಡುವ ಆಲೋಚನೆ! ಆಗ ಆಟಗಾರರು ತಿರುಗಿಬಿದ್ದರು. ಆಡಳಿತದವರು ತಮ್ಮ ನಿಶ್ಚಯವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ತನ್ನ ಮಾತನ್ನು ಕೇಳುವುದಿಲ್ಲವೆಂಬ ದೂರಿಗೆ ಕಾರಣರಾದ ಶಿಷ್ಯರೇ ಗುರುವಿನ ಪರವಾಗಿ ನಿಂತರೆಂಬುದು ಗಮನಿಸಬೇಕಾದ ವಿಷಯ. ಇದನ್ನು ಎರಡು ಬಗೆಯಾಗಿ ಓದಬಹುದು. ಸಡಿಲು ಬಿಟ್ಟ ಗುರುವನ್ನು ಯಾವ ಹುಡುಗರು ತಾನೆ ಬಿಟ್ಟುಕೊಡುವರೆಂದು ನಗಬಹುದು. ಆದರೆ ಗೆಲ್ಲುವುದನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡ ಇಪ್ಪತ್ತೈದು ಮೂವತ್ತು ವರ್ಷದ ಗಂಡಸರು, ತಮ್ಮನ್ನು ಸೋಲಿಗೆ ಒಯ್ಯುವವನ ಹಿಂದೆ ನಿಲ್ಲುವರೆಂದು ನನಗೆ ತೋರುವುದಿಲ್ಲ.

ಒಂದು ತಿಂಗಳಾದ ಮೇಲೆ, 1972ರ ಮೇ 31ರಂದು, ರಾಟರ್ಡಾಮಿನಲ್ಲಿ ಅಂತಿಮ ಪಂದ್ಯವು ನಡೆಯಿತು. ಎದುರಾಳಿಯು ಮಿಲಾನಿನ ಇಂಟರ್ ತಂಡ. ಇಟಲಿಯವರ ಆಟದ ರೀತಿಗೆ ಕತೆನಾಚ್ಚೋ ಎಂದು ಹೆಸರು. ಬಾಗಿಲಿಗೆ ಹಾಕುವ ಅಗುಳಿ ಎಂದರ್ಥ. ಎದುರಾಳಿಯ ಒಬ್ಬೊಬ್ಬನ ಬೆನ್ನಿಗೂ ಒಬ್ಬೊಬ್ಬ ಕಾವಲುಗಾರನು, ಅವರೆಲ್ಲರ ಹಿಂದೆ ಗುಡಿಸಿಹಾಕುವುದಕ್ಕೆ ಮತ್ತೊಬ್ಬನು. ಹೀಗೆ ಬಾಗಿಲು ಮುಚ್ಚಿಕೊಂಡು ಕುಳಿತು, ಸಮಯ ನೋಡಿ ಒಂದು ಗೋಲು ಹೊಡೆದು ಮನೆಗೆ ಹೋಗುವುದು. ಬೆನ್ನಿಗೆ ಬಿದ್ದ ಕಾವಲುಗಾರನನ್ನು ಏನು ಮಾಡಬೇಕು? ನಿಂತ ಜಾಗದಲ್ಲಿ ನಿಲ್ಲದಿರುವುದೇ ಆಯಾಕ್ಸಿನ ಉತ್ತರವಾಗಿತ್ತು. ಮೊದಲ ಅರ್ಧದಲ್ಲಿ ಗೋಲಾಗಲಿಲ್ಲ. ಎರಡನೆಯ ಅರ್ಧವು ತೊಡಗಿ ಎರಡು ನಿಮಿಷವಾಗಿರಲು, ಎತ್ತರದಿಂದ ಬಂದ ಚೆಂಡಿಗಾಗಿ ಇಟಲಿಯ ಗೋಲುಕಾವಲುಗಾರನೂ ಅವರದೇ ರಕ್ಷಕನೂ ಒಬ್ಬರಿಗೊಬ್ಬರು ಢಿಕ್ಕಿಹೊಡೆದು ಬಿದ್ದರು. ಚೆಂಡು ಕ್ರೈಫನ ಕಾಲಿಗೆ ಬಂದಿತು, ಮುಂದೆ ಬರಿದಾದ ಗೋಲು. ಎರಡನೆಯದನ್ನೂ ಕ್ರೈಫನೇ ತಲೆಯಿಂದ ಹೊಡೆದನು. 2-0. ಎಣಿಕೆಯಲ್ಲಿ ಸಣ್ಣ ಗೆಲವೇ ಸರಿ. ಆದರೆ ಅಗುಳಿಯ ಆಟದ ಕಾಲವು ಮುಗಿಯಿತೆಂದು ಮರುದಿನ ಬರೆದವರು ಹಲವರು.

ಮುಂದಿನ ವರ್ಷವು ಇನ್ನೂ ಮೇಲು. 1972ರ ಸೆಪ್ಟೆಂಬರಿನಲ್ಲಿ ದಕ್ಷಿಣ ಅಮೆರಿಕದ ಚಾಂಪಿಯನ್ನರಾದ ಅರ್ಜೆಂಟೀನದ ಇಂಡಿಪೆಂಡಿಯೆಂಟೆ ತಂಡದೊಡನೆ ಅವರ ನೆಲದಲ್ಲಿ 1-1 ಸಮ ಮಾಡಿಕೊಂಡು, ಆಂಸ್ಟರ್ಡಾಮಿನಲ್ಲಿ 3-0 ಗೆದ್ದು, ಎರಡು ಖಂಡಗಳ ಬಟ್ಟಲನ್ನು ಪಡೆದರು. 1973ರ ಮಾರ್ಚಿಯಲ್ಲಿ ಜರ್ಮನಿಯ ಪ್ರಬಲವಾದ ಬಯರ್ನ್ ತಂಡವನ್ನು ತಮ್ಮೂರಿನಲ್ಲಿ 4-0 ಸೋಲಿಸಿದರು. ಏಪ್ರಿಲ್ ತಿಂಗಳಿನಲ್ಲಿ ಮ್ಯಾಡ್ರಿಡ್ಡಿನ ಬೆರ್ನಬೆವು ಮೈದಾನದಲ್ಲಿ, ರಿಯಾಲ್ ಮ್ಯಾಡ್ರಿಡ್ ತಂಡದೊಡನೆ ಉಪಾಂತ್ಯದ ಎರಡನೆಯ ಪಂದ್ಯ. ಆಟದ ನಡುವೆ ಹೆರಿ ಮ್ಯೂರೆನ್ ಎಂಬ ನಡುಗಣದವನು ತನ್ನತ್ತ ಬಂದ ಚೆಂಡನ್ನು ನೆಲಕ್ಕೆ ಬೀಳಗೊಡದೆ, ಮಕ್ಕಳು ಅಂಗಳದಲ್ಲಿ ಆಡುವಂತೆ ಕಾಲಿನ ಮೇಲೆ ಪುಟನೆಗೆಸುತ್ತ ನಿಂತನು. ಗೋಲಿಗೆ ಇದರಿಂದ ಏನೂ ಉಪಯೋಗವಿಲ್ಲ. ಆದರೆ ಯುರೋಪಿನ ಬಟ್ಟಲನ್ನು ಆರು ಸಲ ಗೆದ್ದವರ ಮನೆಯಂಗಳದಲ್ಲಿ ನಿಂತು ಹೀಗೆ ಆಡಬಲ್ಲವನ ಮನಸ್ಸಿನಲ್ಲಿ ಹೆದರಿಕೆಯೆಂಬುದು ಎಳ್ಳಷ್ಟೂ ಇಲ್ಲವೆಂಬುದನ್ನು ಸಾವಿರ ಸಾವಿರ ಜನರು ಕಂಡರು. ಬೆತ್ತದ ಗುರುವಿನ ಕೆಳಗೆ ಇಂಥದು ನಡೆಯುತ್ತಿತ್ತೇ? ಆ ಪಂದ್ಯವನ್ನು ಗೆಲ್ಲಿಸಿದ ಗೋಲನ್ನು ಹೊಡೆದವನೂ ಈ ಮ್ಯೂರೆನನೇ. ಮೇ 30ರಂದು ಬೆಲ್ಗ್ರೇಡಿನಲ್ಲಿ ಅಂತಿಮ ಪಂದ್ಯ. ಇಟಲಿಯ ಯುವೆಂಟಸ್ ಎದುರಾಳಿ. ಐದನೆಯ ನಿಮಿಷಕ್ಕೆ ಜಾನಿ ರೆಪ್ ಎಂಬ ತರುಣನು ತಲೆಯಿಂದ ಗೋಲು ಹೊಡೆದನು. ಉಳಿದ ಹೊತ್ತೆಲ್ಲ ಆಯಾಕ್ಸಿನವರು ಚೆಂಡನ್ನು ತಮ್ಮಲ್ಲಿಯೇ ಇಟ್ಟುಕೊಂಡು ಕಾಲಕಳೆದರು. ಅಂದಿನ ಆಟದಲ್ಲಿ ಬೇಸರದ ಛಾಯೆಯಿತ್ತೆಂದು ಹೇಳುವರು. ನಾನೂ ಅದನ್ನು ಒಪ್ಪುವೆನು. ಹೊಟ್ಟೆ ತುಂಬಿದವನು ತಟ್ಟೆಯಲ್ಲಿ ಬೆರಳಾಡಿಸಿದಂತಿತ್ತು.

ಆ ಬೇಸಗೆಯಲ್ಲಿ ಕೊವಾಚನು ಆಯಾಕ್ಸನ್ನು ಬಿಟ್ಟು ಫ್ರಾನ್ಸಿಗೆ ಹೊರಟನು. ಆತನು ಹೋದ ಮೇಲೆ ನಡೆದ ಘಟನೆಯೇ ಆತನ ಮೇಲಿನ ಅಪವಾದಕ್ಕೆ ಮುಖ್ಯವಾದ ಆಧಾರವು. ಹೊಸ ತರಬೇತುಗಾರನಾದ ಜಾರ್ಜ್ ಕ್ನೋಬೆಲನು ಬಂದ ಕೂಡಲೆ, ಆಟಗಾರರು ತಮ್ಮ ನಾಯಕನನ್ನು ಆರಿಸುವುದಕ್ಕೆ ತಮ್ಮಲ್ಲಿಯೇ ಮತಹಾಕಿದರು. ಕ್ರೈಫನು ಸೋತನು, ಪೀಟ್ ಕೈಜರನು ಗೆದ್ದನು. ಅವಮಾನವಾಯಿತೆಂದು ಕ್ರೈಫನು ಕೆಲವೇ ವಾರಗಳಲ್ಲಿ ಬಾರ್ಸಿಲೋನಾಕ್ಕೆ, ತನ್ನ ಹಳೆಯ ಗುರು ಮಿಖೆಲ್ಸನ ಬಳಿಗೆ, ಹೋಗಿಬಿಟ್ಟನು. ಆ ಚಳಿಗಾಲವೇ ಆಯಾಕ್ಸ್ ತಂಡವು ಬಲ್ಗೇರಿಯಾದ ತಂಡವೊಂದಕ್ಕೆ ಸೋತು ಯುರೋಪಿನ ಬಟ್ಟಲಿನಿಂದ ಹೊರಬಿದ್ದಿತು. 1974ರಲ್ಲಿ ಲೀಗೂ ಕೈಬಿಟ್ಟಿತು, ಕ್ನೋಬೆಲನ ಕೆಲಸವೂ ಹೋಯಿತು. ಆಗ ಜನರು ಹಿಂದಿರುಗಿ ನೋಡಿ, ಮಿಖೆಲ್ಸನು ಕೂಡಿಟ್ಟನು, ಕೊವಾಚನು ಖರ್ಚುಮಾಡಿದನು, ಪಾಪ ಕ್ನೋಬೆಲನ ಪಾಲಿಗೆ ಬರಿಯ ಪೆಟ್ಟಿಗೆ ಉಳಿಯಿತು ಎಂದರು.

ಈ ಮಾತಿನಲ್ಲಿ ನಿಜವಿಲ್ಲದಿಲ್ಲ. ಹನ್ನೊಂದು ಜನರು ನಾಯಕನಾರೆಂದು ಮತಹಾಕುವಷ್ಟು ಸ್ವತಂತ್ರರಾದದ್ದು ಕೊವಾಚನ ಎರಡು ವರ್ಷಗಳಲ್ಲಿಯೇ ಎಂಬುದನ್ನು ಅಲ್ಲಗಳೆಯಲಾಗದು. ಹಣ್ಣನ್ನು ಮಾಗಿಸುವ ಬಿಸಿಲೇ ಇನ್ನು ನಾಲ್ಕು ದಿನ ಬಿದ್ದರೆ ಹಣ್ಣನ್ನು ಕೊಳೆಯಿಸುತ್ತದೆ. ಆದರೆ ಮಾಗಿದ್ದು ಯಾರ ಕಾಲದಲ್ಲಿ ಎಂಬ ಪ್ರಶ್ನೆಯನ್ನೂ ಕೇಳಬೇಕಲ್ಲವೇ? 1974ರ ಜುಲೈ 7ರಂದು ಮ್ಯೂನಿಕ್ ನಗರದಲ್ಲಿ ಹಾಲೆಂಡಿನ ರಾಷ್ಟ್ರೀಯ ತಂಡವು ವಿಶ್ವಪಂದ್ಯದ ಅಂತಿಮ ಆಟವನ್ನು ಪಶ್ಚಿಮ ಜರ್ಮನಿಯೊಡನೆ ಆಡಿತು. 2-1ರಿಂದ ಸೋತಿತಾದರೂ ಸರ್ವಾಂಗದ ಆಟವನ್ನು ಲೋಕವೆಲ್ಲವೂ ಕಂಡು ಬೆರಗಾದದ್ದು ಆ ತಿಂಗಳಿನಲ್ಲಿಯೇ. ಆ ತಂಡಕ್ಕೆ ಗುರುವಾಗಿದ್ದವನು ಮಿಖೆಲ್ಸನು; ಕೀರ್ತಿಯೂ ಆತನಿಗೇ ಸಂದಿತು. ಅಂದು ಮೈದಾನಕ್ಕೆ ಇಳಿದ ಹನ್ನೊಂದು ಜನರ ಹೆಸರನ್ನು ಓದಿನೋಡಿರಿ. ಸೂರ್‌ಬೀರ್, ಕ್ರೋಲ್, ಹಾನ್, ನೀಸ್ಕೆನ್ಸ್, ರೆಪ್, ಕ್ರೈಫ್: ಆರು ಜನರು ಹದಿಮೂರು ತಿಂಗಳ ಹಿಂದೆ ಬೆಲ್ಗ್ರೇಡಿನಲ್ಲಿ ಕೊವಾಚನ ಕೈಕೆಳಗೆ ಆಡಿದವರು. ಮಿಖೆಲ್ಸನು 1971ರಲ್ಲಿ ಬಿಟ್ಟುಹೋದ ವಿದ್ಯೆಯನ್ನೇ ಅವರು ಮೂರು ವರ್ಷ ಹಾಗೆಯೇ ಮಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದು ಮ್ಯೂನಿಕ್ಕಿನಲ್ಲಿ ಬಿಚ್ಚಿದರೆಂದು ನಂಬುವುದು ಹೇಗೆ? ನಡುವೆ ಎರಡು ವರ್ಷ ಆ ವಿದ್ಯೆಯನ್ನು ಯಾರ ಅಂಕೆಯೂ ಇಲ್ಲದೆ ಪ್ರಯೋಗಿಸಿ, ಎಲ್ಲಿಯವರೆಗೆ ಎಳೆಯಬಹುದೆಂಬುದನ್ನು ಅವರು ಕಂಡುಕೊಂಡಿದ್ದರು. ಹಾಗೆ ಕಂಡುಕೊಳ್ಳಲು ಎಡೆಗೊಟ್ಟವನು ನಡುವಿನವನು. ಒಬ್ಬನಿಂದ ಪಡೆದು ಇನ್ನೊಬ್ಬನಿಗೆ ಒಪ್ಪಿಸಿದವನು.

ಫ್ರಾನ್ಸಿನಲ್ಲಿ ಕೊವಾಚನಿಗೆ ರಾಷ್ಟ್ರೀಯ ತಂಡದ ಹೊಣೆಯು ದೊರೆಯಿತು. ಆತನ ನಂತರ ಹೊರದೇಶದವನೊಬ್ಬನೂ ಆ ಪೀಠದಲ್ಲಿ ಕುಳಿತಿಲ್ಲ. ಆ ತಂಡವು ಹಿಂದಿನ ಎರಡು ವಿಶ್ವಪಂದ್ಯಗಳಿಗೆ ಅರ್ಹತೆಯನ್ನೇ ಪಡೆದಿರಲಿಲ್ಲ. ಇಲ್ಲಿ ಕ್ರೈಫನಿರಲಿಲ್ಲ, ನೀಸ್ಕೆನ್ಸನಿರಲಿಲ್ಲ. ಸ್ವಾತಂತ್ರ್ಯವನ್ನು ಕೊಟ್ಟರೆ ಅದನ್ನು ಏನು ಮಾಡಬೇಕೆಂಬುದನ್ನು ಅರಿತವರು ಕಡಿಮೆ. 1976ರ ಯುರೋಪಿನ ರಾಷ್ಟ್ರಗಳ ಪಂದ್ಯಕ್ಕಾಗಿ ಆಡಿದ ಆರು ಆಟಗಳಲ್ಲಿ ಒಂದನ್ನು ಮಾತ್ರ ಗೆದ್ದರು. ಸಣ್ಣ ದ್ವೀಪವಾದ ಐಸ್‌ಲೆಂಡಿನಲ್ಲಿಯೂ 1975ರಲ್ಲಿ ಗೋಲಿಲ್ಲದೆ ಮರಳಿದರು. ಮಿಖೆಲ್ಸನಿಲ್ಲದೆ ಕೊವಾಚನಿಲ್ಲವೆಂದು ವಾದಿಸುವವರಿಗೆ ಇದಕ್ಕಿಂತ ಬಲವಾದ ಸಾಕ್ಷಿ ಬೇಡ. ನಾನು ಇದನ್ನು ಮುಚ್ಚಿಡಲಾರೆನು. ಬಿತ್ತಿದ ಹೊಲಕ್ಕೆ ನೀರು ಹಾಯಿಸುವುದರಲ್ಲಿ ನಿಪುಣನಾದವನು ಬೀಳುನೆಲವನ್ನು ಉಳುವುದರಲ್ಲಿಯೂ ನಿಪುಣನಾಗಿರಬೇಕೆಂಬ ನಿಯಮವಿಲ್ಲ. ಆದರೆ ಆತನಿಗೆ ಈ ಕೊರತೆಯು ಕಾಣದೆ ಇರಲಿಲ್ಲ. ಆಟವನ್ನು ದೊಡ್ಡವರಿಗೆ ಕಲಿಸಿ ಪ್ರಯೋಜನವಿಲ್ಲ, ಹುಡುಗರಿಂದಲೇ ತೊಡಗಬೇಕೆಂದು ಆತನು ಹೋದಹೋದಲ್ಲೆಲ್ಲ ಒತ್ತಿ ಹೇಳಿದನು. 1975ರಲ್ಲಿ ತನ್ನ ವಿಚಾರಗಳನ್ನು ಫ್ರೆಂಚ್ ಭಾಷೆಯ ಗ್ರಂಥವೊಂದರಲ್ಲಿ ಪ್ರಕಟಿಸಿದನು. ಸರ್ವಾಂಗದ ಆಟವೆಂಬುದೇ ಅದರ ಹೆಸರು. ಆತನಿಗೆ ಸಹಾಯಕನಾಗಿದ್ದ ಮಿಶೆಲ್ ಇದಾಲ್ಗೋ ಎಂಬವನು ಆತನ ಸ್ಥಾನಕ್ಕೆ ಬಂದನು. 1984ರಲ್ಲಿ ಫ್ರಾನ್ಸ್ ಮೊದಲನೆಯ ಸಲ ಯುರೋಪಿನ ಚಾಂಪಿಯನ್ ಆದದ್ದು ಈ ಇದಾಲ್ಗೋವಿನ ಕೈಯಲ್ಲಿ. ಇಲ್ಲಿಯೂ ಗೋಲನ್ನು ಹೊಡೆದವನು ಮತ್ತೊಬ್ಬನು.

ತಾಯ್ನಾಡಿಗೆ ಮರಳಿ 1976ರಲ್ಲಿ ರುಮೇನಿಯಾದ ರಾಷ್ಟ್ರೀಯ ತಂಡವನ್ನು ವಹಿಸಿಕೊಂಡನು. 1977ರಲ್ಲಿ ಆ ತಂಡವು ಬುಖಾರೆಸ್ಟಿನಲ್ಲಿ ಸ್ಪೇನನ್ನೂ, ಯುಗೋಸ್ಲಾವಿಯಾವನ್ನು ಅದರ ನೆಲದಲ್ಲಿಯೇ ಸೋಲಿಸಿ, ವಿಶ್ವಪಂದ್ಯದ ಹೊಸ್ತಿಲಿಗೆ ಬಂದು ನಿಂತಿತು. ನವೆಂಬರ್ 13ರಂದು ಅದೇ ಯುಗೋಸ್ಲಾವಿಯಾದವರು ಬುಖಾರೆಸ್ಟಿಗೆ ಬಂದರು. ಅಂದು ರುಮೇನಿಯಾದವರು ನಾಲ್ಕು ಗೋಲುಗಳನ್ನು ಹೊಡೆದರು, ಹೊಡೆಸಿಕೊಂಡದ್ದು ಆರು! ತನ್ನ ಮನೆಯಲ್ಲಿ ನಾಲ್ಕು ಗೋಲು ಹೊಡೆದೂ ಸೋಲುವುದು ಕೊವಾಚನ ತಂಡಕ್ಕಲ್ಲದೆ ಮತ್ತಾರಿಗೆ ಸಾಧ್ಯವೆಂದು ಆತನ ವಿರೋಧಿಗಳು ಕೈತಟ್ಟಿರಬೇಕು. ಅರ್ಜೆಂಟೀನದ ದಾರಿಯು ಮುಚ್ಚಿತು.

ತರುವಾಯದ ಸಂಚಾರವನ್ನು ಬೇಗನೆ ಹೇಳಿ ಮುಗಿಸಬಹುದು. 1981ರಲ್ಲಿ ಅಥೆನ್ಸಿಗೆ ಹೋದನು; ಅಲ್ಲಿ ಆತನನ್ನು ಕರೆದವರು ಮತ್ತಾರೂ ಅಲ್ಲ, ಹತ್ತು ವರ್ಷಗಳ ಹಿಂದೆ ವೆಂಬ್ಲಿಯಲ್ಲಿ ಮಿಖೆಲ್ಸನ ಆಯಾಕ್ಸಿಗೆ ಸೋತ ಪನಥಿನಾಯ್ಕೋಸ್ ತಂಡದವರು. 1986ರಲ್ಲಿ ಮೊನಾಕೋ ತಂಡವನ್ನು ಒಂದು ವರ್ಷ ನಡೆಸಿದನು. ಅಷ್ಟು ಹೊತ್ತಿಗೆ ಆತನಿಗೆ ಅರುವತ್ತಾರು ವಯಸ್ಸು.

ಕೊವಾಚನು ತೀರಿಕೊಂಡದ್ದು 1995ರ ಮೇ 12ರಂದು, ತನ್ನ ಹಳೆಯ ನೆಲೆಯಾದ ಕ್ಲೂಜಿನಲ್ಲಿ. ಬೆಲ್ಗ್ರೇಡಿನ ಆ ರಾತ್ರಿಯ ನಂತರ ಇಪ್ಪತ್ತೆರಡು ವರ್ಷ ಆಯಾಕ್ಸ್ ತಂಡಕ್ಕೆ ಯುರೋಪಿನ ಚಾಂಪಿಯನ್ನರ ಬಟ್ಟಲು ದೊರೆತಿರಲಿಲ್ಲ. ಆತನು ತೀರಿಕೊಂಡ ಹನ್ನೆರಡನೆಯ ದಿನ, ಮೇ 24ರಂದು, ವಿಯೆನ್ನಾ ನಗರದಲ್ಲಿ ಅವರು ಮಿಲಾನ್ ತಂಡದೊಡನೆ ಅಂತಿಮ ಪಂದ್ಯವನ್ನಾಡಿದರು. ಆಟವು ಮುಗಿಯಲು ಐದು ನಿಮಿಷವಿರುವಾಗ ಹದಿನೆಂಟು ವರ್ಷದ ಹುಡುಗನೊಬ್ಬನು ಗೋಲು ಹೊಡೆದನು. ಬಟ್ಟಲು ಮತ್ತೆ ಆಂಸ್ಟರ್ಡಾಮಿಗೆ ಹೋಯಿತು.